ಬಗ್ಗಿ ಏಳುವ ಬೆನ್ನು: ಮಲೆನಾಡಿನ ಸೊಂಟ ನೋವು ಮತ್ತು ಚಿಕಿತ್ಸೆಯ ಆಯ್ಕೆ

ಕಾರ್ತಿಕ ಕಳೆಯುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಂಗಳಗಳಲ್ಲಿ ಅಡಿಕೆ ಸುಲಿತ ಜೋರಾಗಿ ನಡೆದಿರುತ್ತದೆ. ಸುಲಿಯುವ ಯಂತ್ರ ಬಂದ ಮೇಲೂ ಮೆಟ್ಟುಗತ್ತಿ ಮೂಲೆ ಸೇರಿಲ್ಲ. ಗಿಡ್ಡ ಮಣೆಯ ಮೇಲೆ ಕೂತು, ಕತ್ತಿಯ ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಹಸಿ ಕಾಯನ್ನು ಎರಡೂ ಕೈಯಿಂದ ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಬಿಡುತ್ತದೆ. ಪ್ರತಿ ಕಾಯಿಗೂ ಸೊಂಟ ತುಸು ಮುಂದಕ್ಕೆ ಬಾಗಿ ತುಸು ಹಿಂದಕ್ಕೆ ಬರುತ್ತದೆ. ಕಾಲು ಮಾತ್ರ ಇಟ್ಟಲ್ಲೇ ಇರುತ್ತದೆ. ಹೀಗೆ ರಾತ್ರಿಯವರೆಗೆ ಕೂತವರು ಏಳುವಾಗ ಒಂದು ಕೈ ನೆಲಕ್ಕೆ ಹೋಗುತ್ತದೆ, ಇನ್ನೊಂದು ಸೊಂಟಕ್ಕೆ. ಬಹಳ ಜನಕ್ಕೆ ಆ ನೋವು ನಿದ್ದೆಯಲ್ಲಿ ಕರಗುತ್ತದೆ. ಕೆಲವರಿಗೆ ಕರಗುವುದಿಲ್ಲ; ತಿಂಗಳು ಕಳೆದರೂ, ವರ್ಷ ಕಳೆದರೂ ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಸ್ಥಿತಿ. ಆಗ ಸಲಹೆಗಳಿಗೆ ಬರವಿಲ್ಲ. ಒಬ್ಬರು ಮಣಿಪಾಲಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಪಂಚಕರ್ಮ ಎನ್ನುತ್ತಾರೆ, ಮತ್ತೊಬ್ಬರು ಉಳುಕು ತೆಗೆಯುವವರ ಮನೆಯ ದಾರಿ ಹೇಳುತ್ತಾರೆ, ಮಗ ಪೇಟೆಯಿಂದ ಬೆಲ್ಟ್ ತರುತ್ತಾನೆ. ಇವುಗಳಲ್ಲಿ ಯಾವುದು ಸರಿ ಎಂದು ತೂಗುವ ಮೊದಲು ತಕ್ಕಡಿಯನ್ನೇ ಸರಿಮಾಡಿಕೊಳ್ಳಬೇಕು ಎಂಬುದು ಈ ಲೇಖನದ ವಾದ. ನೋವು ಇಂದು ಎಷ್ಟು ಇಳಿಯಿತು ಎಂಬ ಒಂದೇ ಅಳತೆಯಿಂದ ಚಿಕಿತ್ಸೆ ಆರಿಸಿದವರು ಸುತ್ತಿದಲ್ಲೇ ಸುತ್ತುತ್ತಾರೆ. ಈ ಬೆನ್ನು ಯಾವ ಕೆಲಸಕ್ಕೆ ಮರಳಬೇಕು, ಅದರ ಕಡೆಗೆ ಈ ಚಿಕಿತ್ಸೆ ಎಷ್ಟು ಹೆಜ್ಜೆ ನಡೆಸುತ್ತದೆ ಎಂದು ಕೇಳಿಕೊಂಡವರಿಗೆ ದಾರಿ ಕಾಣುತ್ತದೆ.

ಇದು ಮಲೆನಾಡಿನ ಒಂಟಿ ಸಂಕಟವಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟ ನೋವಿನಿಂದ ಬಳಲುತ್ತಿದ್ದರೆಂದೂ 2050ರ ಹೊತ್ತಿಗೆ ಆ ಸಂಖ್ಯೆ 84.3 ಕೋಟಿಗೆ ಏರಬಹುದೆಂದೂ ಜಾಗತಿಕ ರೋಗಭಾರ ಅಧ್ಯಯನ ಲೆಕ್ಕ ಹಾಕಿದೆ. ಮನುಷ್ಯರನ್ನು ಕೆಲಸದಿಂದ ದೂರ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸೊಂಟ ನೋವಿನ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೆ ಇದೇ ಕಾರಣ ಎಂದು ಬೆರಳು ತೋರಿಸಬಲ್ಲ ಮುರಿತ, ಗಡ್ಡೆ, ಸೋಂಕು ಇರುವುದಿಲ್ಲ. ಆದರೂ ಊರು ಬದಲಾದಂತೆ ನೋವಿನ ಸಂದರ್ಭ ಬದಲಾಗುತ್ತದೆ. ನಗರದಲ್ಲಿ ಕುರ್ಚಿ ಬಿಟ್ಟೇಳದವರ ಕಾಯಿಲೆ ಎಂದು ಇದರ ಬಗ್ಗೆ ಬರೆಯುತ್ತಾರೆ. ಇಲ್ಲಿ ಇದು ದುಡಿಯುವವರ ಕಾಯಿಲೆ. ಮಳೆಗಾಲದಲ್ಲಿ ಗದ್ದೆ ನಟ್ಟಿ ಮತ್ತು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಚಳಿಗಾಲದಲ್ಲಿ ಕೊನೆ ಕೊಯ್ಲು, ಸುಲಿತ, ಬೇಯಿಸಿದ ಅಡಿಕೆಯನ್ನು ಬುಟ್ಟಿಯಲ್ಲಿ ಚಪ್ಪರಕ್ಕೇರಿಸುವುದು, ಅದರ ಬೆನ್ನಿಗೇ ಕಾಫಿ ಕೊಯ್ಲು ಮತ್ತು 50 ಕಿಲೋ ಚೀಲಗಳ ಸಾಗಾಟ, ಬೇಸಿಗೆಯಲ್ಲಿ ಗೊಬ್ಬರ, ಸೊಪ್ಪು, ಮಣ್ಣು. ಹೆಂಗಸರಿಗೆ ಇದರ ಮೇಲೆ ಕೊಟ್ಟಿಗೆ, ಬಾವಿ, ಒಲೆ. ಬಗ್ಗದೆ ಆಗುವ ಕೆಲಸ ಇದರಲ್ಲಿ ಒಂದೂ ಇಲ್ಲ. ಇನ್ನು ಬಗ್ಗಬೇಡಿ ಎಂಬ ವೈದ್ಯರ ಮಾತು ಇಲ್ಲಿಯವರ ಕಿವಿಗೆ ಇನ್ನು ಬದುಕಬೇಡಿ ಎಂದಂತೆಯೇ ಕೇಳಿಸುತ್ತದೆ.

ಮೊದಲ ಕೆಲಸ ವಿಂಗಡಣೆ. ಬಹುಪಾಲು ಸೊಂಟ ನೋವು ಅಪಾಯಕಾರಿಯಲ್ಲ. ಆದರೆ ಉಳಿದ ಸಣ್ಣ ಪಾಲಿನಲ್ಲಿ ಕಾಯುವುದೇ ಅಪಾಯ. ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ಮಲವಿಸರ್ಜನೆಯ ಹಿಡಿತ ಹೋದರೆ, ತೊಡೆಯ ಸಂದಿಯಲ್ಲಿ ಸ್ಪರ್ಶವೇ ತಿಳಿಯದಂತಾದರೆ, ಪಾದ ದಿನದಿನಕ್ಕೆ ಸೋಲುತ್ತಾ ಬಂದರೆ, ಅದು ನರಗಳ ಕಟ್ಟು ಒತ್ತಿಹೋಗಿರುವ ಸೂಚನೆ. ಆ ದಿನವೇ ಹೊರಡಬೇಕು, ಮಳೆಯಿದ್ದರೂ ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲ ಸೇರಬೇಕು, ಇಲ್ಲವೇ ಶಿವಮೊಗ್ಗಕ್ಕೆ ಓಡಬೇಕು. ಅಡಿಕೆ ಮರದಿಂದ ಬಿದ್ದ ಕೊನೆಗಾರನ ಬೆನ್ನು ನೋವನ್ನು ಯಾರೂ ತಿಕ್ಕಬಾರದು. ಬೆನ್ನು ತಿರುಚದಂತೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ತಿಂಗಳುಗಟ್ಟಲೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆಯೊಂದಿಗೆ ಬರುವ ನೋವು ಬೆನ್ನುಮೂಳೆಯ ಕ್ಷಯವಾಗಿರಬಹುದು. ದನಕರುಗಳ ಒಡನಾಟ ಇರುವವರಲ್ಲಿ ಬ್ರುಸೆಲ್ಲಾ ಸೋಂಕೂ ಇರಬಹುದು. ಕಾಡಿನಂಚಿನ ಈ ಊರುಗಳಲ್ಲಿ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಹಠಾತ್ ಜ್ವರ, ತಲೆನೋವು, ಮೈಯೆಲ್ಲ ಜಜ್ಜಿದಂಥ ನೋವು ಒಟ್ಟಿಗೆ ಬಂದರೆ ಮಂಗನ ಕಾಯಿಲೆಯ ರಕ್ತಪರೀಕ್ಷೆ ಆಗಲೇಬೇಕು. ವಯಸ್ಸಾದವರಿಗೆ, ಬಹುಕಾಲ ಸ್ಟೀರಾಯ್ಡ್ ನುಂಗಿದವರಿಗೆ, ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬಂದ ನೋವನ್ನೂ ಹಗುರವಾಗಿ ಎಣಿಸುವಂತಿಲ್ಲ. ಈ ಜರಡಿಯಲ್ಲಿ ಸಿಕ್ಕದೆ ಕೆಳಗಿಳಿದ ದೊಡ್ಡ ರಾಶಿಯ ನೋವಿನ ಬಗ್ಗೆ ಮುಂದಿನ ಮಾತು.

ಆ ರಾಶಿಯ ಮುಂದೆ ಮೊದಲು ನಿಲ್ಲುವುದು ಎಂಆರ್‌ಐ. ದೊಡ್ಡ ಲಕೋಟೆಯೊಂದಿಗೆ ಊರಿಗೆ ಮರಳುವವರು ಅದರ ಜೊತೆ ಕೆಲವು ಮಾತುಗಳನ್ನೂ ತರುತ್ತಾರೆ: ಡಿಸ್ಕ್ ಜರುಗಿದೆ, ಮೂಳೆ ಸವೆದಿದೆ, ನಡುವೆ ಗ್ಯಾಪ್ ಬಂದಿದೆ. ಈ ಮಾತುಗಳು ಒಮ್ಮೆ ಮನೆ ಹೊಕ್ಕರೆ ಹೊರಹೋಗುವುದಿಲ್ಲ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಇಲ್ಲಿ ನೆನಪಿಡಬೇಕಾದದ್ದು. ಅವರಲ್ಲಿ 20ರ ಹರೆಯದ ನೂರಕ್ಕೆ 37 ಜನರಲ್ಲಿ, 80ರ ಹೊತ್ತಿಗೆ ನೂರಕ್ಕೆ 96 ಜನರಲ್ಲಿ ಡಿಸ್ಕ್ ಸವೆತ ಕಾಣಿಸಿತು. ಡಿಸ್ಕ್ ಉಬ್ಬಿರುವುದು 20ರಲ್ಲಿ ನೂರಕ್ಕೆ 30, 80ರಲ್ಲಿ 84. ಇವರಾರಿಗೂ ನೋವಿರಲಿಲ್ಲ. ಅಡಿಕೆ ಮರದ ಕಾಂಡದ ಮೇಲಿನ ಉಂಗುರಗಳು ಹಾಳೆ ಉದುರಿದ ಗುರುತು. ಉಂಗುರ ಎಣಿಸಿ ಮರಕ್ಕೆ ರೋಗ ಬಂದಿದೆ ಎನ್ನುವ ಕೃಷಿಕನಿಲ್ಲ. ಬೆನ್ನಿನ ಚಿತ್ರವನ್ನು ಮಾತ್ರ ಹಾಗೆ ಓದುತ್ತೇವೆ. ಕಾಲಿಗಿಳಿಯುವ ನೋವು, ಸ್ನಾಯುವಿನ ಸೋಲು, ಅಥವಾ ಮೇಲೆ ಹೇಳಿದ ಅಪಾಯದ ಗುರುತು ಇದ್ದಾಗ ಸ್ಕ್ಯಾನ್ ಅಮೂಲ್ಯ. ಅದಿಲ್ಲದೆ ತೆಗೆಸಿದಾಗ ಅದು ಉತ್ತರ ಕೊಡುವುದಕ್ಕಿಂತ ಹೆದರಿಕೆ ಬಿತ್ತುವುದೇ ಹೆಚ್ಚು. ಹೆರಿಗೆಯಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜೀವಮಾನದ ಸೊಂಟ ನೋವು ಬಂತು ಎಂಬ ಹೆಂಗಸರ ನಂಬಿಕೆಯೂ ಇಂಥದ್ದೇ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಅರಿವಳಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನಡೆದ ಪ್ರಯೋಗಗಳಲ್ಲಿ ದೀರ್ಘಕಾಲದ ಸೊಂಟ ನೋವು ಇಬ್ಬರಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು. ಹೆರಿಗೆಯ ನಂತರ ಸಡಿಲಗೊಂಡ ಹೊಟ್ಟೆಯ ಸ್ನಾಯು, ಮುರಿದ ನಿದ್ದೆ, ಮಗುವನ್ನೆತ್ತಿಕೊಂಡೇ ಮುಂದುವರಿಯುವ ಮನೆಗೆಲಸ ಇವೆಲ್ಲದರ ಹೊರೆ ಒಂದು ಸೂಜಿಯ ತಲೆಗೆ ಹೋಗುತ್ತದೆ. ಸೂಜಿಯನ್ನು ಇನ್ನು ಯಾರೂ ಹಿಂದೆ ತೆಗೆಯಲಾರರು. ಉಳಿದವನ್ನು ಮಾತ್ರ ಬದಲಿಸಬಹುದಿತ್ತು.

ಮೂಳೆ ಮುರಿದಿಲ್ಲ, ನರ ಒತ್ತಿಲ್ಲ ಎಂದ ಮೇಲೆ ನೋವೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಮಂಗಗಳ ಹಿಂಡು ಪದೇಪದೇ ನುಗ್ಗುವ ತೋಟದಲ್ಲಿ ಕಟ್ಟಿದ ನಾಯಿಯನ್ನು ನೋಡಿದವರಿಗೆ ಉತ್ತರ ಅರ್ಥವಾಗುತ್ತದೆ. ಮೊದಮೊದಲು ಅದು ಮಂಗ ಕಂಡಾಗ ಬೊಗಳುತ್ತದೆ. ಕೆಲವು ವಾರ ಕಳೆದರೆ ಸೋಗೆ ಅಲುಗಿದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ, ನಟಿಸುತ್ತಿಲ್ಲ. ಅದರ ಕಿವಿ ಸೂಕ್ಷ್ಮವಾಗಿದೆ, ಅಷ್ಟೆ. ದೀರ್ಘಕಾಲದ ನೋವಿನಲ್ಲಿ ನರಮಂಡಲ ಹೀಗೆ ಚುರುಕಾಗಿರುತ್ತದೆ ಎಂಬುದು ಇಂದಿನ ನೋವು ವಿಜ್ಞಾನದ ಮುಖ್ಯ ತಿಳಿವಳಿಕೆ. ನಿದ್ದೆಗೇಡು, ಸಾಲದ ಚಿಂತೆ, ಮತ್ತೆ ಹಿಡಿದುಕೊಂಡೀತೆಂಬ ಭಯ ಇವು ಆ ಕಿವಿಯನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತವೆ. ಹಾಗಾದರೆ ನೋವೆಲ್ಲ ಮನಸ್ಸಿನದ್ದು ಎನ್ನುತ್ತೀರಾ ಎಂದು ಕೇಳುವವರ ಸಿಟ್ಟಿಗೆ ಕಾರಣವಿದೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದ ಕೂಡಲೇ ಸೊಸೆಯ ನೋವು ನೆಪವಾಗಿ, ಕೂಲಿಯವನ ನೋವು ಕಳ್ಳತನವಾಗಿ ಕಂಡದ್ದಿದೆ. ಉತ್ತರ ಸ್ಪಷ್ಟವಿರಲಿ: ನೋವು ನಿಜ, ಮೈಯೊಳಗಿನದ್ದೇ, ಅಳೆಯಲಾಗದಷ್ಟು ನಿಜ. ಆದರೆ ನೋವಾದಾಗಲೆಲ್ಲ ಒಳಗೇನೋ ಹರಿಯುತ್ತಿದೆ ಎಂಬ ಅರ್ಥ ಸರಿಯಲ್ಲ. ಚಿಕಿತ್ಸೆಯ ದಿಕ್ಕನ್ನೇ ಬದಲಿಸುವ ತಿಳಿವು ಇದು, ಏಕೆಂದರೆ ಹೆದರಿದ ನಾಯಿಯನ್ನು ಕತ್ತಲ ಕೋಣೆಯಲ್ಲಿ ಕೂಡಿಟ್ಟು ಯಾರೂ ಸಮಾಧಾನ ಮಾಡುವುದಿಲ್ಲ. ಸೋಗೆಯ ಸದ್ದಿಗೆ ಮೆಲ್ಲಮೆಲ್ಲನೆ ರೂಢಿ ಮಾಡಿಸುತ್ತಾರೆ.

ಈ ಬೆಳಕಿನಲ್ಲಿ ಆಯ್ಕೆಗಳನ್ನು ನೋಡೋಣ. ಮಲಗಿ ಸುಧಾರಿಸಿಕೊಳ್ಳುವುದು ಹಳೆಯ ಮದ್ದು; 1980 ಮತ್ತು 90ರ ದಶಕಗಳ ಪ್ರಯೋಗಗಳೇ ಅದರ ಮಿತಿಯನ್ನು ತೋರಿಸಿದವು. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಹಾಸಿಗೆ ಹಿಡಿದವರಿಗಿಂತ ನೋವು ತಡೆಯುವಷ್ಟರ ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿದ್ದವರು ಬೇಗ ಚೇತರಿಸಿಕೊಂಡರು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆಂದೇ ಮೊದಲ ಮಾರ್ಗಸೂಚಿ ಹೊರಡಿಸಿತು. ನೋವಿನ ತಿಳಿವಳಿಕೆ, ವ್ಯಾಯಾಮ, ಮಾಲೀಸಿನಂಥ ಕೆಲವು ಕೈಚಿಕಿತ್ಸೆಗಳು, ಮನೋಚಿಕಿತ್ಸೆ, ಉರಿಯೂತ ತಗ್ಗಿಸುವ ಮಾತ್ರೆಗಳು ಇವನ್ನು ಅದು ಒಪ್ಪುತ್ತದೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಅಫೀಮು ಜಾತಿಯ ನೋವುನಿವಾರಕ ಇವನ್ನು ವಾಡಿಕೆಯಾಗಿ ಕೊಡಬಾರದು ಎನ್ನುತ್ತದೆ. ನಮ್ಮ ಪೇಟೆಗಳಲ್ಲಿ ಧಾರಾಳವಾಗಿ ಮಾರಾಟವಾಗುವ, ಬಾಡಿಗೆಗೆ ಸಿಗುವ ಸಲಕರಣೆಗಳೇ ಎರಡನೆಯ ಪಟ್ಟಿಯಲ್ಲಿವೆ. ಮಾತ್ರೆಯ ವಿಷಯದಲ್ಲೂ ಎಚ್ಚರ ಬೇಕು. ನಾಲ್ಕು ದಿನ ನಡೆದಾಡುವಂತೆ ಮಾಡಲು ಉರಿಯೂತದ ಮಾತ್ರೆ ನೆರವಾಗುತ್ತದೆ. ಸುಲಿತದ ಎರಡು ತಿಂಗಳು ಪೂರ್ತಿ ಊಟದಂತೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ, ಹೃದಯ ಅದರ ಬೆಲೆ ತೆರುತ್ತವೆ. ಹೆಸರಿಲ್ಲದ ಪೊಟ್ಟಣದ ಪುಡಿ ಒಂದೇ ದಿನದಲ್ಲಿ ಪವಾಡ ಮಾಡಿದರೆ ಅದರೊಳಗೆ ಸ್ಟೀರಾಯ್ಡ್ ಇದೆಯೇ ಎಂದು ಅನುಮಾನಿಸುವುದೇ ಬುದ್ಧಿವಂತಿಕೆ.

ಶಸ್ತ್ರಚಿಕಿತ್ಸೆಯನ್ನು ರಾಕ್ಷಸನಂತೆ ಚಿತ್ರಿಸುವುದೂ ತಪ್ಪು, ಕೊನೆಯ ಮೋಕ್ಷವೆಂದು ನಂಬುವುದೂ ತಪ್ಪು. ಡಿಸ್ಕ್ ನರವನ್ನೊತ್ತಿ ಕಾಲಿಗೆ ಮಿಂಚಿನಂತೆ ಇಳಿಯುವ ನೋವಿಗೆ ಅದರಿಂದ ನಿಜವಾದ ಉಪಯೋಗವಿದೆ. ನೆದರ್ಲೆಂಡ್ಸಿನಲ್ಲಿ ಇಂಥ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇಗ ಶಸ್ತ್ರಚಿಕಿತ್ಸೆ ಆದವರು ಬೇಗ ನೋವು ಕಳೆದುಕೊಂಡರು. ಕಾದು ನೋಡುವ ಗುಂಪಿನಲ್ಲಿ ನೂರಕ್ಕೆ 39 ಜನ ತಡೆಯಲಾಗದೆ ಕೊನೆಗೆ ಶಸ್ತ್ರಚಿಕಿತ್ಸೆಗೇ ಒಪ್ಪಿದರು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಅಂದರೆ ಇಂಥವರಲ್ಲಿ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಕೊಡುವುದು ಸಮಯವನ್ನು. ಕೊಯ್ಲು ತಲೆಯ ಮೇಲಿರುವ ಒಂಟಿ ದುಡಿಮೆಯ ಮನೆಗೆ ಆ ಸಮಯ ಬಹಳ ಬೆಲೆಯದ್ದಿರಬಹುದು; ಮಕ್ಕಳು ಕೈಗೂಡಿಸುವ ಮನೆಗೆ ಕಾಯುವುದೇ ಲೇಸಿರಬಹುದು. ಈ ಆಯ್ಕೆ ರೋಗಿಯದ್ದು, ಅದಕ್ಕೆ ಬೇಕಾದ ಲೆಕ್ಕವನ್ನು ವೈದ್ಯರು ಬಿಡಿಸಿ ಹೇಳಬೇಕು. ಕಾಲಿಗಿಳಿಯದ, ಸೊಂಟದಲ್ಲೇ ನಿಂತ ಸಾಮಾನ್ಯ ನೋವಿಗೆ ಮೂಳೆ ಬೆಸೆಯುವ ದೊಡ್ಡ ಶಸ್ತ್ರಚಿಕಿತ್ಸೆಯ ಪರವಾಗಿ ಇಷ್ಟು ಗಟ್ಟಿ ಪುರಾವೆಯಿಲ್ಲ. ನಮ್ಮ ಸರ್ಕಾರಿ ಆರೋಗ್ಯ ಯೋಜನೆಗಳ ಓಟವೂ ಈ ಆಯ್ಕೆಯನ್ನು ವಾಲಿಸುತ್ತದೆ. ಸಹಕಾರಿ ರೈತರಿಗಾಗಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮರಳಿದ ಯಶಸ್ವಿನಿಯ ಬೆನ್ನೆಲುಬೇ ಶಸ್ತ್ರಚಿಕಿತ್ಸೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕವೂ ಆಸ್ಪತ್ರೆ ಸೇರುವುದರ ಸುತ್ತಲೇ ರೂಪುಗೊಂಡದ್ದು. ಇವು ಸಾವಿರಾರು ಜೀವ ಉಳಿಸಿವೆ, ಅದು ಸಣ್ಣ ಮಾತಲ್ಲ. ಆದರೆ ಮೂರು ತಿಂಗಳ ಕಾಲ ಯಾರಾದರೂ ಪಕ್ಕ ನಿಂತು ವ್ಯಾಯಾಮ ಕಲಿಸುವ ಚಿಕಿತ್ಸೆಗೆ ಇಂಥ ಆಸರೆ ಸಿಗುವುದು ಕಷ್ಟ.

ಆಯುರ್ವೇದವನ್ನು ಬಿಟ್ಟು ಈ ಸೀಮೆಯ ಸಮೀಕ್ಷೆ ಪೂರ್ತಿಯಾಗದು. ಕೊಪ್ಪದಲ್ಲಿ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ಕಾಲೇಜು ಇದೆ. ಕಟಿಶೂಲ (ಸೊಂಟ ನೋವು), ಗೃಧ್ರಸಿ (ಕಾಲಿಗಿಳಿಯುವ ನೋವು) ಎಂಬ ಹೆಸರುಗಳು ಇಲ್ಲಿಯ ಜನಕ್ಕೆ ಅಪರಿಚಿತವಲ್ಲ. ಕಟಿಬಸ್ತಿಯಲ್ಲಿ ರೋಗಿಯನ್ನು ಬೋರಲು ಮಲಗಿಸಿ, ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬುತ್ತಾರೆ. ಆರುತ್ತಾ ಬಂದಂತೆ ತೆಗೆದು ಮತ್ತೆ ಬೆಚ್ಚಗಿನದ್ದನ್ನು ಹೊಯ್ಯುತ್ತಾರೆ. ಆ ಶಾಖ, ಆ ಸ್ಪರ್ಶ, ತನ್ನ ಮೈಯನ್ನು ಒಬ್ಬರು ಗಮನವಿಟ್ಟು ನೋಡಿಕೊಂಡರೆಂಬ ನೆಮ್ಮದಿ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಅದನ್ನು ಅಲ್ಲಗಳೆಯುವವರು ನೋವುಂಡವರ ಮಾತು ಕೇಳಿಲ್ಲ. ಸಿಕ್ಕ ನೆಮ್ಮದಿಯ ಆ ವಾರಗಳಲ್ಲಿ ಏನು ಮಾಡಿದಿರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಡಿಗೆ ಶುರುಮಾಡಿ ಬೆನ್ನಿಗೆ ಬಲ ತುಂಬಿದವರಿಗೆ ಎಣ್ಣೆ ಮೆಟ್ಟಿಲಾಗುತ್ತದೆ. ಹಾಸಿಗೆಯಲ್ಲೇ ಉಳಿದು, ಎದ್ದ ಮೇಲೆ ನೇರ ಹೊರೆ ಹೊತ್ತವರು ಮುಂದಿನ ವರ್ಷ ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ಉಳುಕು ತೆಗೆಯುವವರ ಬಗ್ಗೆ ಒಂದೇ ಮಾತು: ಅಪಾಯದ ಗುರುತುಗಳಿದ್ದಾಗ, ಬಿದ್ದಾಗ, ಮೂಳೆ ಟೊಳ್ಳಾದ ವೃದ್ಧರಲ್ಲಿ ಬೆನ್ನು ತಿರುಚುವುದು ಬೇಡ. ಯೋಗದ ಪರವಾಗಿ ಕರ್ನಾಟಕದ್ದೇ ಪುರಾವೆಯಿದೆ. ಬೆಂಗಳೂರು ಬಳಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಸೊಂಟ ನೋವಿನ 80 ಜನರ ಮೇಲೆ ಏಳು ದಿನಗಳ ವಸತಿ ಪ್ರಯೋಗ ನಡೆದು 2008ರಲ್ಲಿ ಪ್ರಕಟವಾಯಿತು. ಸಾಮಾನ್ಯ ವ್ಯಾಯಾಮದ ಗುಂಪಿಗಿಂತ ಯೋಗದ ಗುಂಪಿನಲ್ಲಿ ದೈನಂದಿನ ಚಲನೆ ಹೆಚ್ಚು ಸುಧಾರಿಸಿತು. ಏಳೇ ದಿನ ಎಂಬುದು ಅದರ ಮಿತಿ. ಬಡವರಿಗೆ ಇದಕ್ಕಿಂತ ಅಗ್ಗದ ದಾರಿಯೂ ಇದೆ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಪೈಕಿ ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ.

ಇಲ್ಲಿ ತೋಟದವರ ದೊಡ್ಡ ಆಕ್ಷೇಪ ಏಳುತ್ತದೆ. ಬೆಳಗಿನಿಂದ ಬೈಗಿನವರೆಗೆ ಗುಡ್ಡ ಹತ್ತಿಳಿಯುವವರಿಗೆ ನಡಿಗೆಯ ಪಾಠವೇ, ಹೊರೆ ಹೊರುವವರಿಗೆ ವ್ಯಾಯಾಮವೇ? ಈ ಮಾತಿನಲ್ಲಿ ನೋವಿದೆ, ಹುರುಳೂ ಇದೆ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ಭಾರ ಎಷ್ಟು, ಎಷ್ಟು ಸಲ, ಯಾವಾಗ ನಿಲ್ಲಿಸಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಇಂದು ಐದು ಸಲ, ಮುಂದಿನ ವಾರ ಎಂಟು ಸಲ ಎಂದು ಬೆನ್ನನ್ನು ಒಲಿಸಿಕೊಳ್ಳಬಹುದು. ದುಡಿಮೆಯಲ್ಲಿ ಒಂದೇ ಭಂಗಿ, ಒಂದೇ ಮಗ್ಗುಲು, ಮುಗಿಯುವವರೆಗೆ ವಿರಾಮವಿಲ್ಲ. ಸುಲಿಯುವವರ ಬೆನ್ನು ಇಡೀ ದಿನ ಬಾಗುತ್ತದೆ, ಹಿಂದಕ್ಕೆ ಚಾಚುವುದೇ ಇಲ್ಲ. ಆದ್ದರಿಂದ ಇಲ್ಲಿಯ ಚಿಕಿತ್ಸೆಯಲ್ಲಿ ಅರ್ಧ ಪಾಲು ಕೆಲಸದ ರೂಪ ಬದಲಿಸುವುದೇ ಆಗಬೇಕು. ಗಿಡ್ಡ ಮಣೆಯ ಬದಲು ಮೊಣಕಾಲೆತ್ತರದ ಪೀಠ ಮತ್ತು ಅದಕ್ಕೆ ತಕ್ಕಂತೆ ಎತ್ತರಿಸಿದ ಕತ್ತಿ, ಅರ್ಧ ಗಂಟೆಗೊಮ್ಮೆ ಎದ್ದು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗುವುದು, ಒಂದು ದೊಡ್ಡ ಬುಟ್ಟಿಯ ಬದಲು ಎರಡು ಸಣ್ಣ ಬುಟ್ಟಿ, ಕೊಟ್ಟಿಗೆಗೆ ಉದ್ದ ಹಿಡಿಕೆಯ ಪೊರಕೆ. ಹೊಸ ಸಲಕರಣೆ ಬಂದಾಗಲೂ ಲೆಕ್ಕ ಹಾಕಬೇಕು: ಕಾರ್ಬನ್ ಫೈಬರ್ ದೋಟಿ ಮರ ಹತ್ತುವ ಅಪಾಯ ತಪ್ಪಿಸುತ್ತದೆ, ಆದರೆ ಕತ್ತೆತ್ತಿ ದೋಟಿ ಹಿಡಿದು ನಿಂತ ಕುತ್ತಿಗೆ, ಭುಜಗಳಿಗೆ ಹೊಸ ಹೊರೆ ಹೊರಿಸುತ್ತದೆ.

ಕೂಲಿಯವರು ಅರ್ಧ ಗಂಟೆಗೊಮ್ಮೆ ಎದ್ದರೆ ಅಳತೆ ಕಡಿಮೆಯಾಗಿ ಕೂಲಿ ಕಡಿಮೆಯಾಗದೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಖಂಡಿತ ಆಗುತ್ತದೆ, ಅಳತೆಯ ಮೇಲೆ ಕೂಲಿ ಇರುವವರೆಗೆ. ಬೆನ್ನು ನೋವಿನ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಅಡಿಕೆಯ ಹಳದಿ ಎಲೆ ರೋಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ಬಡವಾಗಿಸಿದೆ, ಈಗ ಎಲೆಚುಕ್ಕಿ ಸೇರಿಕೊಂಡಿದೆ. ಫಸಲು ಇಳಿದ ಮನೆಯಲ್ಲಿ ಆಳಿನ ಕೆಲಸವನ್ನು ಮನೆಯವರ ಬೆನ್ನೇ ಹೊರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಅದು ಅರವತ್ತು ದಾಟಿದ ಬೆನ್ನು. ವಾರಕ್ಕೆರಡು ಸಲ ಪೇಟೆಗೆ ಬಂದು ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಎನ್ನುವುದು ಸುಲಭ. ಕಾರ್ಮಿಕರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಒಳಊರಿನವರಿಗೆ ಪೇಟೆಯ ದಾರಿಯೇ ಉದ್ದವಾಗಿದೆ. ಆದ್ದರಿಂದ ಚಿಕಿತ್ಸೆ ಊರಿನ ಹತ್ತಿರಕ್ಕೆ ಬರಬೇಕು. ಶೃಂಗೇರಿಗೆ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಮರದಿಂದ ಬಿದ್ದವರಿಗೆ, ಕಾಲು ಸೋತವರಿಗೆ ಅದು ಬೇಕೇ ಬೇಕು. ಉಳಿದ ಬಹುಪಾಲು ಬೆನ್ನುಗಳಿಗೆ ಬೇಕಾದದ್ದು ಹಾಸಿಗೆಗಿಂತ ಹೆಚ್ಚಾಗಿ ಕಲಿಸುವ ಒಬ್ಬರು: ತಾಲ್ಲೂಕಿಗೊಬ್ಬ ಸಂಚಾರಿ ಫಿಸಿಯೋಥೆರಪಿಸ್ಟ್, ಅವರಿಂದ ಕಲಿತು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯರು, ವಾರದ ಸ್ವಸಹಾಯ ಸಂಘದ ಸಭೆಯಲ್ಲಿ ಹತ್ತು ನಿಮಿಷ.

ಮಾತಿನಿಂದ ಬೆನ್ನು ವಾಸಿಯಾದೀತೇ ಎಂದು ಅನುಮಾನಿಸುವವರಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಅನುಭವವಿದೆ. 1997ರಿಂದ ಅಲ್ಲಿ ಟೀವಿಯಲ್ಲಿ ಬೆನ್ನು ನೋವೆಂದು ಮಲಗಬೇಡಿ, ನಿತ್ಯದ ಕೆಲಸದಲ್ಲಿ ಇರಿ ಎಂಬ ಪ್ರಚಾರ ನಡೆಯಿತು. ಜನರ ನಂಬಿಕೆಯೂ ಬದಲಾಯಿತು, ವೈದ್ಯರ ಸಲಹೆಯೂ ಬದಲಾಯಿತು. ಬೆನ್ನು ನೋವಿನ ಪರಿಹಾರ ಅರ್ಜಿಗಳು ಇಳಿದವು. ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ನ ಅಂಗಳದಲ್ಲಿ ಅಡಿಕೆ ಮೂಟೆ ಇಳಿಸುವಲ್ಲಿ, ಸಂತೆಯಲ್ಲಿ, ಶಾಲೆಯ ಗೋಡೆಯಲ್ಲಿ ಇದೇ ಮಾತು ನಮ್ಮ ಕನ್ನಡದಲ್ಲಿ ನಿಲ್ಲಬಾರದೇಕೆ? ಯಾವ ಚಿಕಿತ್ಸಕರ ಎದುರು ಕೂತಾಗಲೂ ಮೂರು ಪ್ರಶ್ನೆ ಕೇಳುವ ಧೈರ್ಯ ಜನಕ್ಕೆ ಬರಬೇಕು: ನನ್ನದು ಕಾಯಬಾರದ ನೋವೋ, ಕಾಯಬಹುದಾದ ನೋವೋ? ಈ ಚಿಕಿತ್ಸೆಯ ನಂತರ ನಾನು ಏನು ಮಾಡಬೇಕು? ಮೂರು ತಿಂಗಳ ಬಳಿಕ ಯಾವ ಕೆಲಸ ನನ್ನಿಂದ ಆಗಬೇಕು? ಮೂರನೆಯದಕ್ಕೆ ಉತ್ತರವಿಲ್ಲದ ಚಿಕಿತ್ಸೆ ಎಷ್ಟು ದುಬಾರಿಯಾದರೂ ಅರ್ಧವೇ. ದೀರ್ಘಕಾಲದ ನೋವು ಕೆಲವರಿಗೆ ಪೂರ್ತಿ ಹೋಗದಿರಬಹುದು. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಕ್ರೌರ್ಯ. ಆದರೆ ಸ್ವಲ್ಪ ನೋವಿಟ್ಟುಕೊಂಡೇ ಎತ್ತರಿಸಿದ ಪೀಠದಲ್ಲಿ ಕೂತು ತನ್ನ ಪಾಲಿನ ಅಡಿಕೆ ಸುಲಿದು, ನೆಲಕ್ಕೆ ಕೈಯೂರದೆ ಎದ್ದು, ಸಂಜೆ ತುಂಗೆಯ ದಡದವರೆಗೆ ನಡೆದು ಬರುವ ಬೆನ್ನು ಸೋತ ಬೆನ್ನಲ್ಲ. ಮಲೆನಾಡಿನಲ್ಲಿ ವಾಸಿಯಾಗುವುದು ಎಂದರೆ ಅದೇ.